ಕೀಲಿಕೈ ನಿಮ್ಮದು, ಅದರ ನಕಲು ಎಲ್ಲಿದೆ?

ಭಾರತ ಹುಣ್ಣಿಮೆಗೆ ಅವ್ವನ ಜೊತೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆ. ವಾಪಸ್ ಬೈಲಹೊಂಗಲದ ಬಸ್ ಹತ್ತುವ ನೂಕುನುಗ್ಗಲಿನಲ್ಲಿ ಜೇಬಿನಲ್ಲಿದ್ದ ಮೊಬೈಲ್ ಮಾಯವಾಯಿತು. 'ಹೋದ್ರ ಹೋಗ್ಲಿ ಬಿಡೋ, ನೀ ಆರಾಮ ಅದಿಯಲ್ಲ' ಅಂದಳು ಅವ್ವ. ನನಗೂ ಆ ಹೊತ್ತಿಗೆ ಹಾಗೇ ಅನಿಸಿತು. ಹಳೆಯ ಮೊಬೈಲ್, ಹೆಚ್ಚೆಂದರೆ ಆರೇಳು ಸಾವಿರದ್ದು. ನಿಜವಾಗಿ ಏನು ಕಳೆದುಕೊಂಡೆ ಎಂಬುದು ಮರುದಿನ ಗೊತ್ತಾಯಿತು.

ನಾನು ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವನು. ನಮ್ಮಂಥವರ ಬಳಿ ಆಸ್ತಿ ಇಲ್ಲದಿದ್ದರೂ ಪಾಸ್‌ವರ್ಡ್‌ಗಳಿಗೆ ಬರವಿಲ್ಲ. ಕಾಲೇಜಿನಲ್ಲಿ ಇರುವಾಗ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಪರೀಕ್ಷೆ-ಫಲಿತಾಂಶಕ್ಕೆ ಯುಯುಸಿಎಂಎಸ್. ಆಮೇಲೆ ಕೆಪಿಎಸ್‌ಸಿ, ಕೆಇಎ, ಎಸ್‌ಎಸ್‌ಸಿ, ರೈಲ್ವೆ, ಬ್ಯಾಂಕ್ ಪರೀಕ್ಷೆಗಳು. ಜೊತೆಗೆ ಸೇವಾಸಿಂಧು, ಡಿಜಿಲಾಕರ್. ಒಂದು ಕಡೆ ದೊಡ್ಡ ಅಕ್ಷರ ಬೇಕು, ಇನ್ನೊಂದು ಕಡೆ ಚಿಹ್ನೆ ಬೇಕು. ಎಲ್ಲ ನೆನಪಿಟ್ಟುಕೊಳ್ಳಲು ಆಗುವುದಿಲ್ಲ ಎಂದು ಒಂದು ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಂಡಿದ್ದೆ. ಎಲ್ಲವೂ ಅದರೊಳಗೆ. ಒಂದೇ ಮಾಸ್ಟರ್ ಪಾಸ್‌ವರ್ಡ್ ನೆನಪಿದ್ದರೆ ಸಾಕು ಎಂಬ ಧೈರ್ಯ.

ಮರುದಿನ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಮಾಸ್ಟರ್ ಪಾಸ್‌ವರ್ಡ್ ಹಾಕಿದೆ. ಅದು ಆರು ಅಂಕಿಯ ಕೋಡ್ ಕೇಳಿತು. ಕೋಡ್ ಕೊಡುವ ಆ್ಯಪ್ ಕಳೆದ ಮೊಬೈಲ್‌ನಲ್ಲಿ ಇತ್ತು. ಇಮೇಲ್ ಮೂಲಕ ಹೋಗೋಣವೆಂದರೆ ಇಮೇಲ್‌ನ ಪಾಸ್‌ವರ್ಡ್ ಅದೇ ಮ್ಯಾನೇಜರ್ ಒಳಗೆ. ಮೂರನೇ ದಿನ ಅದೇ ನಂಬರಿನ ಹೊಸ ಸಿಮ್ ಬಂತು. ಆದರೆ ಇಮೇಲ್‌ಗೆ ನಾನು ಕೊಟ್ಟಿದ್ದು ಕಾಲೇಜು ದಿನಗಳ ಹಳೆಯ ನಂಬರ್. ಅದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಪೆಟ್ಟಿಗೆಗೆ ಕೀಲಿ ಹಾಕಿ ಕೀಲಿಕೈಯನ್ನು ಅದೇ ಪೆಟ್ಟಿಗೆಯೊಳಗೆ ಇಟ್ಟಿದ್ದೆ. ಆ ವಾರವೇ ಒಂದು ನೇಮಕಾತಿಗೆ ದಾಖಲೆ ಅಪ್‌ಲೋಡ್ ಮಾಡುವ ಕೊನೆಯ ದಿನ ಇತ್ತು. ಅದು ಕಣ್ಣೆದುರೇ ದಾಟಿಹೋಯಿತು. ಬರೆದ ಪರೀಕ್ಷೆ, ಬಂದ ಅಂಕ ಎಲ್ಲ ಇದ್ದೂ ಒಳಗೆ ಹೋಗಲು ಬಾಗಿಲಿಲ್ಲ.

ತಪ್ಪು ಯಾರದು? ಆ್ಯಪ್‌ನದಲ್ಲ. ಒಳ್ಳೆಯ ಪಾಸ್‌ವರ್ಡ್ ಮ್ಯಾನೇಜರ್ ಕಂಪನಿಗೆ ನಮ್ಮ ಮಾಸ್ಟರ್ ಪಾಸ್‌ವರ್ಡ್ ಗೊತ್ತೇ ಇರುವುದಿಲ್ಲ. ಅದೇ ಅದರ ಬಲ. ಗೊತ್ತಿಲ್ಲದ್ದನ್ನು ಅವರು ಮರಳಿ ಕೊಡುವುದಾದರೂ ಹೇಗೆ? ಒಂದು ನಕಲು ನನ್ನ ಕೈಯಲ್ಲಿ ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಂಡಿರಲಿಲ್ಲ. ಅದಕ್ಕೇ ಹೇಳುತ್ತೇನೆ: ಪಾಸ್‌ವರ್ಡ್ ಮ್ಯಾನೇಜರ್ ಖಂಡಿತ ಬಳಸಿ, ಆದರೆ ಅದರೊಳಗಿನ ಮಾಹಿತಿಯ ಒಂದು ಬ್ಯಾಕಪ್ ನಿಮ್ಮ ಮನೆಯಲ್ಲೇ ಇರಲಿ.

'ಎಲ್ಲ ಕ್ಲೌಡ್‌ನಲ್ಲಿ ಇರುತ್ತದಲ್ಲ, ದೊಡ್ಡ ಕಂಪನಿ ಕಾಯುತ್ತದೆ' ಎನ್ನುವ ಗೆಳೆಯರಿದ್ದಾರೆ. 2024ರ ಜುಲೈನಲ್ಲಿ ಗೂಗಲ್ ಕ್ರೋಮ್‌ನಲ್ಲಿ ಒಂದು ದೋಷ ಕಾಣಿಸಿಕೊಂಡು, ವಿಂಡೋಸ್ ಬಳಸುವ ಎಷ್ಟೋ ಜನರಿಗೆ ಉಳಿಸಿಟ್ಟ ಪಾಸ್‌ವರ್ಡ್‌ಗಳೇ ಕಾಣದಾದವು. ಸರಿಪಡಿಸಲು ಸುಮಾರು 18 ಗಂಟೆ ಹಿಡಿಯಿತು. ಅರ್ಜಿಯ ಕೊನೆಯ ದಿನ ರಾತ್ರಿ ಹಾಗಾದರೆ 18 ಗಂಟೆ ಎಂದರೆ ಒಂದು ವರ್ಷವೇ ಹೋದಂತೆ. ಮೈಕ್ರೊಸಾಫ್ಟ್ ತನ್ನ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಪಾಸ್‌ವರ್ಡ್ ಉಳಿಸುವ ಸೌಲಭ್ಯವನ್ನು 2025ರ ಆಗಸ್ಟ್‌ಗೆ ನಿಲ್ಲಿಸಿತು. ಮೊದಲೇ ತಿಳಿಸಿತ್ತು ನಿಜ, ಆದರೆ ಅಂಥ ಸೂಚನೆ ಓದುವವರು ನಮ್ಮಲ್ಲಿ ಎಷ್ಟು ಜನ? 2022ರಲ್ಲಿ ಲಾಸ್ಟ್‌ಪಾಸ್ ಎಂಬ ಹೆಸರಾಂತ ಪಾಸ್‌ವರ್ಡ್ ಮ್ಯಾನೇಜರ್ ಕಂಪನಿಯಲ್ಲಿ ಗ್ರಾಹಕರ ಮಾಹಿತಿಯ ಬ್ಯಾಕಪ್ ಪ್ರತಿಗಳೇ ಕಳುವಾದವು. ದೊಡ್ಡವರ ಮನೆಯಲ್ಲಿ ಇಟ್ಟರೂ ಕಾಳಜಿ ತಪ್ಪುವುದಿಲ್ಲ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಜೋಳವನ್ನು ಹಗೇವಿನಲ್ಲಿ ತುಂಬಿದರೂ ಬಿತ್ತನೆಯ ಬೀಜವನ್ನು ಮನೆಯೊಳಗೆ ಬೇರೆಯೇ ಇಡುತ್ತಿದ್ದರು. ಹಗೇವಿಗೆ ನೀರು ಇಳಿದರೂ ಮುಂದಿನ ಮುಂಗಾರಿಗೆ ಬೀಜ ಉಳಿಯಬೇಕಲ್ಲ. ಹಾಗೆಂದು ಮನೆಯಲ್ಲಿ ಇಟ್ಟದ್ದೆಲ್ಲ ಭದ್ರ ಎಂದೂ ಅಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗಗಳಿಗೆ ನೀರು ನುಗ್ಗಿದಾಗ ನಮ್ಮ ಸೋದರಮಾವನ ಮನೆಯ ಟ್ರಂಕಿನಲ್ಲಿದ್ದ ಅಂಕಪಟ್ಟಿಗಳು ನೀರಲ್ಲಿ ನೆಂದು ಮುದ್ದೆಯಾದವು. ಪಾಠ ಇಷ್ಟೇ: ಬೇಕಾದದ್ದು ಒಂದೇ ಕಡೆ ಇರಬಾರದು. ಕಂಪ್ಯೂಟರ್ ಬಲ್ಲವರು ಇದಕ್ಕೆ 3-2-1 ನಿಯಮ ಎನ್ನುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ.

'ನಕಲು ಮಾಡಿದರೆ ಕಳ್ಳರಿಗೆ ಇನ್ನೊಂದು ದಾರಿ ಕೊಟ್ಟಂತಲ್ಲವೇ?' ಎಂದು ಕಿತ್ತೂರಿನ ಗೆಳತಿಯೊಬ್ಬಳು ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇದೆ. ಹೇಗೆ ಬೇಕೋ ಹಾಗೆ ನಕಲು ಮಾಡಿದರೆ ಅಪಾಯವೇ. ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್‌ನಿಂದ ಎಕ್ಸ್‌ಪೋರ್ಟ್ ಮಾಡಿದರೆ ಸಿಎಸ್‌ವಿ ಫೈಲ್ ಬರುತ್ತದೆ. ಅದನ್ನು ಯಾರು ತೆರೆದರೂ ಎಲ್ಲ ಪಾಸ್‌ವರ್ಡ್ ಬಿಡಿಬಿಡಿಯಾಗಿ ಓದಬಹುದು. ಆ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ತನಗೆ ತಾನೇ ಕಳಿಸಿಕೊಳ್ಳುವುದು, ಡೌನ್‌ಲೋಡ್ಸ್‌ನಲ್ಲಿ ಹಾಗೇ ಬಿಡುವುದು ಬೇಡ. ಕೀಪಾಸ್ಎಕ್ಸ್‌ಸಿ ಎಂಬ ಉಚಿತ ತಂತ್ರಾಂಶ ಇದೆ. ಅದರೊಳಗೆ ಸಿಎಸ್‌ವಿಯನ್ನು ಇಂಪೋರ್ಟ್ ಮಾಡಿದರೆ ಎಲ್ಲವೂ ಬೀಗ ಹಾಕಿದ ಒಂದೇ ಫೈಲ್ ಆಗುತ್ತದೆ. ಅದನ್ನು ತೆರೆಯಲು ಇಂಟರ್‌ನೆಟ್ ಬೇಡ. ಆಮೇಲೆ ಸಿಎಸ್‌ವಿ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ.

ಬಿಟ್‌ವಾರ್ಡನ್ ಬಳಸುವವರು ಒಂದು ಸೂಕ್ಷ್ಮ ಗಮನಿಸಬೇಕು. ಅದರಲ್ಲಿ ಎನ್‌ಕ್ರಿಪ್ಟ್ ಮಾಡಿದ ಎಕ್ಸ್‌ಪೋರ್ಟ್ ಎರಡು ಬಗೆ. ಒಂದು ಅದೇ ಖಾತೆಯಲ್ಲಿ ಮಾತ್ರ ಮರಳಿ ತೆರೆಯುವಂಥದ್ದು. ಖಾತೆಯೇ ಕೈತಪ್ಪಿದರೆ ಅದು ನಿಷ್ಪ್ರಯೋಜಕ. ಇನ್ನೊಂದು ನಾವೇ ಬೇರೆ ಪಾಸ್‌ವರ್ಡ್ ಹಾಕಿ ಉಳಿಸುವಂಥದ್ದು, ಯಾವ ಖಾತೆಗೆ ಬೇಕಾದರೂ ಹಾಕಿಕೊಳ್ಳಬಹುದು. ಬ್ಯಾಕಪ್‌ಗೆ ಎರಡನೆಯದೇ ಸರಿ.

ಇನ್ನು ಕಾಗದ. ಮಾಸ್ಟರ್ ಪಾಸ್‌ವರ್ಡ್, ಮ್ಯಾನೇಜರ್‌ನ ರಿಕವರಿ ಕೋಡ್ ಮತ್ತು ಇಮೇಲ್‌ನ ಬ್ಯಾಕಪ್ ಕೋಡ್, ಈ ಮೂರನ್ನೂ ಬರೆದಿಡಿ. ಗೂಗಲ್ ಖಾತೆಯಾದರೆ ಎಂಟು ಅಂಕಿಯ ಹತ್ತು ಕೋಡ್ ಕೊಡುತ್ತದೆ, ಒಂದೊಂದೂ ಒಂದು ಸಲಕ್ಕೆ ಮಾತ್ರ. ಬರೆದಿಡುವುದು ದಡ್ಡತನ ಎನ್ನುವವರಿದ್ದಾರೆ. ಅಮೆರಿಕದ ಭದ್ರತಾ ತಜ್ಞ ಬ್ರೂಸ್ ಶ್ನೈಯರ್ ಅವರೇ 2005ರಷ್ಟು ಹಿಂದೆ, ಪಾಸ್‌ವರ್ಡ್ ಬರೆದು ಪಾಕೀಟಿನಲ್ಲಿ ಇಟ್ಟುಕೊಳ್ಳಿ ಎಂದಿದ್ದರು. ಚೀಟಿ, ನೋಟು ಕಾಯುವುದು ನಮಗೆ ಮೊದಲಿನಿಂದಲೂ ಗೊತ್ತು.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ಆನ್‌ಲೈನ್ ಸೆಂಟರ್‌ಗೆ ಹೋಗಿ 'ಅಣ್ಣಾ, ಒಂದು ಅರ್ಜಿ ಹಾಕ್ರಿ' ಅನ್ನುತ್ತೇವೆ. ಅವರೇ ಇಮೇಲ್ ಮಾಡಿ, ಅವರೇ ಪಾಸ್‌ವರ್ಡ್ ಇಟ್ಟು, ಅವರ ಡೈರಿಯಲ್ಲೇ ಬರೆದುಕೊಳ್ಳುತ್ತಾರೆ. ಸಹಾಯ ಮಾಡಲೆಂದೇ ಮಾಡುತ್ತಾರೆ, ಸಂಶಯವಿಲ್ಲ. ಆದರೆ ಆ ಅಂಗಡಿ ಮುಚ್ಚಿದರೆ, ಡೈರಿ ಕಳೆದರೆ? ನಿಮ್ಮ ಭವಿಷ್ಯದ ಏಕೈಕ ಬ್ಯಾಕಪ್ ಬೇರೊಬ್ಬರ ಡೈರಿ ಆಗಬಾರದು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನೂ ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಅರ್ಜಿಗೆಂದು ಮಾಡಿಸಿ ಮರೆತ ಇಮೇಲ್‌ಗಳನ್ನು ಇಂದೇ ಒಮ್ಮೆ ತೆರೆದು ನೋಡಿ. ರಿಕವರಿ ನಂಬರ್ ಈಗಿನದೇ ಇದೆಯೇ ಎಂಬುದನ್ನೂ ಪರೀಕ್ಷಿಸಿ. ನನ್ನನ್ನು ಕೆಡವಿದ್ದು ಆ ಒಂದು ನಂಬರ್.

ಈಗ ನಾನು ಮಾಡುವುದು ಇಷ್ಟು. ಎರಡು ಪೆನ್‌ಡ್ರೈವ್ ಇವೆ. ಎರಡರಲ್ಲೂ ಬೀಗ ಹಾಕಿದ ಅದೇ ಫೈಲ್, ಹೆಸರಿನಲ್ಲೇ ದಿನಾಂಕ. ಒಂದು ನಮ್ಮ ಟ್ರಂಕಿನಲ್ಲಿ ಅಂಕಪಟ್ಟಿಗಳ ಜೊತೆ, ಇನ್ನೊಂದು ಕಿತ್ತೂರಿನಲ್ಲಿ ಅಕ್ಕನ ಮನೆಯಲ್ಲಿ. ಅವನ್ನು ಸೆಂಟರ್‌ನ ಕಂಪ್ಯೂಟರ್‌ಗೆ ಚುಚ್ಚುವುದಿಲ್ಲ. ಅಲ್ಲಿ ಎಷ್ಟು ವೈರಸ್ ಇದೆಯೋ ಯಾರಿಗೆ ಗೊತ್ತು. ಕೋಡ್ ಬರೆದ ಚೀಟಿ ಬೇರೆ ಲಕೋಟೆಯಲ್ಲಿ ಇದೆ, ಪೆನ್‌ಡ್ರೈವ್ ಜೊತೆಗಲ್ಲ. ಹೊಸ ಪಾಸ್‌ವರ್ಡ್‌ಗಳು ಹಳೆಯ ನಕಲಿನಲ್ಲಿ ಇರುವುದಿಲ್ಲವಾದ್ದರಿಂದ ಹುಣ್ಣಿಮೆಗೊಮ್ಮೆ ಹೊಸ ಪ್ರತಿ ತೆಗೆಯುತ್ತೇನೆ. ಯಲ್ಲಮ್ಮನ ಬಸ್ಸುಗಳು ತುಂಬಿ ಹೋಗುವುದು ಕಂಡರೆ ನೆನಪಾಗುತ್ತದೆ, ಬೇರೆ ರಿಮೈಂಡರ್ ಬೇಡ. ಉಳಿಸಿದ ಫೈಲನ್ನು ಒಮ್ಮೆ ತೆರೆದು ನೋಡುತ್ತೇನೆ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ. ಒಟ್ಟು ಹದಿನೈದು ನಿಮಿಷದ ಕೆಲಸ, ಖರ್ಚು ಎರಡು ಪೆನ್‌ಡ್ರೈವ್‌ನದು.

ಆ ನೇಮಕಾತಿ ಮತ್ತೆ ಯಾವಾಗ ಕರೆಯುತ್ತಾರೋ ಗೊತ್ತಿಲ್ಲ. ವಯೋಮಿತಿಯ ಲೆಕ್ಕ ಹಾಕುತ್ತ ಕಾಯುತ್ತಿದ್ದೇನೆ. ನೀವು ಈ ಪುಟ ಓದುತ್ತಿರುವುದು ಮೊಬೈಲ್‌ನಲ್ಲಾದರೆ, ಅದು ಈಗಲೇ ಕೈಯಿಂದ ಹೋಯಿತು ಎಂದುಕೊಳ್ಳಿ. ನಾಳೆ ಹಾಲ್ ಟಿಕೆಟ್ ತೆಗೆಯಲು ನಿಮಗೆ ಆಗುತ್ತದೆಯೇ? ಉತ್ತರ ಗೊತ್ತಿಲ್ಲವಾದರೆ ಇವತ್ತು ಸಂಜೆ ಓದಲು ಕೂರುವ ಮೊದಲು ಆ ಹದಿನೈದು ನಿಮಿಷ ಕೊಡಿ.