ಘಟ್ಟ ಹತ್ತುವ ಮುನ್ನ



ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ದಿವಾ, ಡೊಂಬಿವಲಿ, ಕಲ್ಯಾಣಗಳ ಕನ್ನಡ ಮನೆಗಳಲ್ಲಿ ಮಾತೆಲ್ಲ ಊರಿನದೇ. ಟಿಕೆಟು ಸಿಕ್ಕಿತೇ, ಯಾರ ಮನೆಯ ಮದುವೆ ಎಂದು, ಅತ್ತೆಯವರಿಗೆ ಯಾವ ಬಣ್ಣದ ಸೀರೆ ಎಂದು ಸಂಭ್ರಮವೋ ಸಂಭ್ರಮ. ಆದರೆ ಅನೇಕ ಮನೆಗಳಲ್ಲಿ ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿ ಕುಳಿತ ಮಗುವೊಂದು ಇದ್ದೇ ಇರುತ್ತದೆ. ಅದಕ್ಕೆ ಊರು ಬೇಡವೆಂದಲ್ಲ. ಊರಿನ ದಾರಿ ಬೇಡ.

ಈ ಸಲದ ಸಂಕ್ರಾಂತಿಯ ಅರಸಿನ ಕುಂಕುಮಕ್ಕೆ ಬಂದ ಗೆಳತಿಯೊಬ್ಬರು ಕೇಳಿದರು: "ಅಕ್ಕಾ, ನಮ್ಮ ಪುಟ್ಟನಿಗೆ ಬಸ್ಸು ಹತ್ತಿದರೆ ಸಾಕು, ವಾಂತಿ. ಒಬ್ಬರು ಶುಂಠಿ ಎನ್ನುತ್ತಾರೆ, ಒಬ್ಬರು ಗುಳಿಗೆ ಎನ್ನುತ್ತಾರೆ, ನಮ್ಮತ್ತೆ ಸೀಟಿನ ಮೇಲೆ ಪೇಪರು ಹಾಸಿ ಕೂರಿಸು ಎನ್ನುತ್ತಾರೆ. ಯಾವುದನ್ನು ಮಾಡಲಿ ಹೇಳಿ." ನಾನು ವೈದ್ಯಳಲ್ಲ. ಆದರೆ ಈ ವಿಷಯದಲ್ಲಿ ಚೆನ್ನಾಗಿ ಪೆಟ್ಟು ತಿಂದವಳು. ಆಮೇಲೆ ನಮ್ಮ ಮನೆಯ ಡಾಕ್ಟರರನ್ನು ಕಾಡಿ ಬೇಡಿ ನಾಲ್ಕು ವಿಷಯ ತಿಳಿದುಕೊಂಡೆ. ಅದನ್ನೇ ಈ ಸಂಚಿಕೆಯಲ್ಲಿ ಬರೆಯುತ್ತೇನೆ.

ನನ್ನ ತವರು ಆಗುಂಬೆಯಿಂದ ಆಚೆಗೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ಮೊದಲು ನಾವು ಬಸ್ಸಿನಲ್ಲಿ ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳ ಮೇಲೆ ಹೋಗುತ್ತಿದ್ದೆವು. ಕರಾವಳಿಯ ಕಡೆಯವರು ಯಲ್ಲಾಪುರದಾಚೆ ಅರಬೈಲು ಘಟ್ಟವನ್ನೂ ಇಳಿಯಬೇಕಿತ್ತು. ರೈಲು ಬಂದ ಮೇಲೆ ಸುಖವಾಯಿತು. ಮತ್ಸ್ಯಗಂಧ ಗಾಡಿ ದಿವಾದಲ್ಲಿ ನಿಲ್ಲುವುದಿಲ್ಲವಷ್ಟೆ. ಠಾಣೆಗೆ ಹಿಂದಕ್ಕೆ ಹೋಗಿ ಹತ್ತಿ, ಅದೇ ಗಾಡಿಯಲ್ಲಿ ಕುಳಿತು ನಮ್ಮೂರಿನ ಸ್ಟೇಷನ್ನು ಕಿಟಕಿಯಲ್ಲಿ ಓಡುವುದನ್ನು ನೋಡುತ್ತೇವೆ. ಮರುದಿನ ನಸುಕಿನಲ್ಲಿ ಉಡುಪಿ. ಅಲ್ಲಿಂದ ಹೆಬ್ರಿ, ಸೋಮೇಶ್ವರದ ಮೇಲೆ ಬಸ್ಸು. ಸೋಮೇಶ್ವರ ಬಿಟ್ಟರೆ ಹದಿನಾಲ್ಕು ತಿರುವುಗಳ ಆಗುಂಬೆ ಘಟ್ಟ.

2003ರ ಮೇ ತಿಂಗಳು. ನನ್ನ ಮಗಳಿಗೆ ಆಗ ಎಂಟು ವರ್ಷ. ಉಡುಪಿಯಲ್ಲಿ ಇಳಿದವರು ಹೋಟೆಲಿಗೆ ಹೋಗಿ ಬನ್ಸು, ಮಸಾಲೆ ದೋಸೆ, ಕಾಫಿ ಎಲ್ಲ ಮುಗಿಸಿದೆವು. ಬಸ್ಸಿನಲ್ಲಿ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟು. ಹುಡುಗಿ ಸುಮ್ಮನಿರಲೆಂದು ಕೈಗೆ ಕಥೆಯ ಪುಸ್ತಕ ಕೊಟ್ಟೆ. ಹೆಬ್ರಿ ದಾಟಿದ ಮೇಲೆ ಆಕಳಿಸತೊಡಗಿದಳು. ರಾತ್ರಿ ನಿದ್ದೆಯಿಲ್ಲ, ಪಾಪ, ಎಂದುಕೊಂಡೆ. ಸೋಮೇಶ್ವರದಲ್ಲಿ ಮುಖ ಬೆಳ್ಳಗಾಯಿತು, ಹಣೆಯಲ್ಲಿ ತಣ್ಣನೆಯ ಬೆವರು, ಬಾಯಲ್ಲಿ ನೀರು. ಆಗ ನೆನಪಾಯಿತು ಗುಳಿಗೆ! ಚೀಲ ತಡಕಿ ನುಂಗಿಸಿದೆ. ಮೂರನೆಯ ತಿರುವಿನಲ್ಲಿ ಗುಳಿಗೆ, ದೋಸೆ, ಬನ್ಸು ಎಲ್ಲವೂ ಹೊರಗೆ. ಮುಂದೆ ಕುಳಿತಿದ್ದ ಹಿರಿಯರೊಬ್ಬರ ಬಿಳಿಯ ಪಂಚೆಯ ಮೇಲೂ. ಬಸ್ಸಿನವರೆಲ್ಲ ತಿರುಗಿ ನೋಡಿದರು. ನಮ್ಮವರಿಗೆ ನಾಚಿಕೆಯಾಯಿತೋ ಏನೋ, "ಮೊದಲೇ ಹೇಳಬಾರದೇ?" ಎಂದು ಮಗುವಿನ ಮೇಲೆ ರೇಗಿದರು. ನಾನೂ ಒಂದು ಮಾತು ಸೇರಿಸಿದೆ. ಅವಳು ಅಳಲೂ ಇಲ್ಲ.

ಮರುವರ್ಷ ಅವಳು ಬರಲೊಪ್ಪಲಿಲ್ಲ. ಎಷ್ಟು ಹೇಳಿದರೂ ಇಲ್ಲ. ಕೊನೆಗೆ ಡೊಂಬಿವಲಿಯಲ್ಲಿ ನನ್ನ ನಾದಿನಿಯ ಮನೆಯಲ್ಲಿ ಬಿಟ್ಟು ಹೋದೆವು. ಬಸ್ಸಿಳಿದರೆ ನನ್ನ ತಾಯಿ ದಣಪೆಯ ಹತ್ತಿರವೇ ನಿಂತಿದ್ದಾರೆ. "ಕೂಸೆಲ್ಲಿ?" ಎಂದರು. ಪರೀಕ್ಷೆ ಇದೆ ಎಂದು ಸುಳ್ಳು ಹೇಳಿದೆ. ಮೇ ತಿಂಗಳಲ್ಲಿ ಎಂಥ ಪರೀಕ್ಷೆ ಎಂದು ಆಕೆ ಕೇಳಲಿಲ್ಲ. ಅವಳಿಗೆಂದು ತೆಗೆದಿಟ್ಟಿದ್ದ ಹಲಸಿನ ಹಪ್ಪಳದ ಡಬ್ಬಿಯನ್ನು ನನ್ನ ಚೀಲದಲ್ಲಿಟ್ಟರು.

ಹಿಂತಿರುಗಿ ಬಂದವಳೇ ಡಾಕ್ಟರರ ಬಳಿಗೆ ಹೋದೆ. ಅವರು ಮೊದಲು ಹೇಳಿದ್ದು ಇದು ಹೊಟ್ಟೆಯ ಕಾಯಿಲೆಯೇ ಅಲ್ಲ ಎಂದು! ನಮ್ಮ ಕಿವಿಯ ಒಳಭಾಗದಲ್ಲಿ ಅರೆವೃತ್ತಾಕಾರದ ಮೂರು ನಾಳಗಳಿವೆಯಂತೆ. ಅವುಗಳೊಳಗಿನ ದ್ರವ ಅಲುಗಿದಾಗ ಮೈ ಅಲುಗುತ್ತಿದೆ ಎಂದು ಮಿದುಳಿಗೆ ತಿಳಿಯುತ್ತದೆ. ಕಣ್ಣು ಪುಸ್ತಕದ ಮೇಲಿದ್ದರೆ ಅದು "ಏನೂ ಅಲುಗುತ್ತಿಲ್ಲ" ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳದಲ್ಲಿ ಹೊಟ್ಟೆಗೆ ಶಿಕ್ಷೆ. ಡ್ರೈವರನಿಗೆ ಇದು ಬರುವುದು ತೀರ ಅಪರೂಪ, ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತು.

"ಹಾಗಾದರೆ ನಮ್ಮ ಲೋಕಲ್ಲಿನಲ್ಲಿ ದಿನವೂ ಅಲುಗಾಡಿಕೊಂಡು ಹೋಗುತ್ತೇವಲ್ಲ, ಯಾರೂ ವಾಂತಿ ಮಾಡುವುದಿಲ್ಲವೇಕೆ?" ಎಂದು ಕೇಳಿದೆ. ಅವರು ನಕ್ಕರು. ಲೋಕಲ್ಲಿನದು ಚುರುಕಾದ ಕುಲುಕಾಟ. ಅದು ಹೊಟ್ಟೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಸುಮಾರು ಐದು ಸೆಕೆಂಡಿಗೊಮ್ಮೆ ನಿಧಾನವಾಗಿ ತೂಗುವ ಚಲನೆಯೇ ಎಲ್ಲಕ್ಕಿಂತ ಕೆಟ್ಟದ್ದು. ಸಮುದ್ರದ ಹಡಗು ತೂಗುವುದು ಹಾಗೆ, ಘಟ್ಟದ ಬಸ್ಸು ವಾಲುವುದೂ ಹೆಚ್ಚುಕಡಿಮೆ ಹಾಗೆಯೇ. ಇಂಗ್ಲಿಷಿನವರು ಓಕರಿಕೆಗೆ 'ನಾಸಿಯಾ' ಎನ್ನುತ್ತಾರಷ್ಟೆ. ಅದು ಹಡಗು ಎಂಬರ್ಥದ 'ನೌಸ್' ಎಂಬ ಗ್ರೀಕ್ ಮಾತಿನಿಂದ ಬಂದದ್ದು, ನಮ್ಮ 'ನೌಕೆ'ಯ ನಂಟಸ್ತಿಕೆಯ ಮಾತು. ಹಡಗಿನಲ್ಲಿ ಮುಂಬಯಿಗೆ ಬಂದ ನಮ್ಮ ಕರಾವಳಿಯ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

ಆದುದರಿಂದ ದಾರಿಯನ್ನು ಆರಿಸಿಕೊಳ್ಳುವುದೇ ಮೊದಲನೆಯ ಔಷಧ. ರೈಲು ಹೋಗುವಷ್ಟು ದೂರ ರೈಲಿನಲ್ಲೇ ಹೋಗಿರಿ. ವಿಜಾಪುರ, ಕಲಬುರ್ಗಿಯ ಕಡೆಯ ಸೋದರಿಯರಿಗೂ ಇದೇ ಮಾತು. ಗಾಡಿ ಖಂಡಾಳದ ಘಟ್ಟ ಹತ್ತುವುದು ನಿಧಾನವಾಗಿ, ಸುತ್ತು ದೊಡ್ಡದು, ಬಸ್ಸಿನಂತೆ ತಿರುಚುವುದಿಲ್ಲ.

ಇನ್ನು ಗುಳಿಗೆಯ ಮಾತು. ಇದರ ಹುಟ್ಟೇ ಒಂದು ಸ್ವಾರಸ್ಯ. 1947ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಗರ್ಭಿಣಿಯೊಬ್ಬಳಿಗೆ ಪಿತ್ತದ ಗಂಧೆಗೆಂದು ಹೊಸ ಔಷಧವೊಂದನ್ನು ಕೊಟ್ಟರು. ಆಕೆಗೆ ಟ್ರಾಮು ಹತ್ತಿದರೆ ಸದಾ ಹೊಟ್ಟೆ ತೊಳಸುತ್ತಿತ್ತು. ಈ ಔಷಧ ನುಂಗಿದ ದಿನಗಳಲ್ಲಿ ತೊಳಸುವುದು ನಿಂತಿತು. ಆಕೆ ಹೇಳಿದ ಮೇಲೆ ಅಟ್ಲಾಂಟಿಕ್ ದಾಟುವ ಸೈನಿಕರ ಹಡಗಿನಲ್ಲಿ ಪರೀಕ್ಷಿಸಿ ನೋಡಿದರು. ಅದೇ ಡ್ರಾಮಮೀನ್. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅವೋಮಿನ್ ಇನ್ನೊಂದು ಔಷಧ. ಎರಡೂ ಒಂದೇ ದೊಡ್ಡ ಕುಲಕ್ಕೆ ಸೇರಿದವು, ನಿದ್ದೆ ಬರಿಸುವಂಥವು.

ಇವುಗಳಲ್ಲಿ ನೆನಪಿಡಬೇಕಾದ್ದು ಹೊತ್ತು. ಹೊಟ್ಟೆ ತೊಳಸಲು ಶುರುವಾಯಿತೆಂದರೆ ಜಠರ ತನ್ನ ಕೆಲಸ ನಿಧಾನಿಸಿಬಿಡುತ್ತದೆ. ಆಗ ನುಂಗಿಸಿದ ಗುಳಿಗೆ ಅಲ್ಲಿಯೇ ಕುಳಿತಿರುತ್ತದೆ, ಇಲ್ಲವೇ ನನ್ನ ಮಗಳದರಂತೆ ಹೊರಗೆ ಬರುತ್ತದೆ. ಔಷಧಕ್ಕೆ ತಕ್ಕಂತೆ ಅರ್ಧ ಗಂಟೆಯಿಂದ ಎರಡು ಗಂಟೆ ಮೊದಲೇ ಆಗಬೇಕು. ನಾವು ಮಾಡಿದ ತಪ್ಪು ಇದೇ. ರೈಲು ಹತ್ತುವಾಗ ಔಷಧ ಬೇಕಿರಲಿಲ್ಲ, ಉಡುಪಿಯಲ್ಲಿ ಬಸ್ಸಿಗೆ ಕಾಯುವಾಗ ಬೇಕಿತ್ತು.

ಎರಡನೆಯದು, ವಾಂತಿಯ ಔಷಧವೆಲ್ಲ ಈ ವಾಂತಿಗೆ ಅಲ್ಲ. ಒಂದು ಔಷಧದಂಗಡಿಯಲ್ಲಿ ನನಗೆ, ಹಿಂದೊಮ್ಮೆ ಮಗುವಿಗೆ ಭೇದಿ ವಾಂತಿಯಾದಾಗ ಕೊಟ್ಟಿದ್ದ ಒಂಡಾನ್ಸೆಟ್ರಾನನ್ನೇ ತೆಗೆದುಕೊಟ್ಟು "ಇದೇ ಸಾಕು" ಎಂದಿದ್ದರು. ಅದು ಹೊಟ್ಟೆ ಕೆಟ್ಟ ವಾಂತಿಗೆ ಒಳ್ಳೆಯದು. ಪ್ರಯಾಣದ ವಾಂತಿಗೆ ಹೆಚ್ಚು ಉಪಯೋಗವಿಲ್ಲ. ನೆಗಡಿಗೆ ಕೊಡುವ, ನಿದ್ದೆ ಬಾರದ ಹೊಸ ಗುಳಿಗೆಗಳೂ ಹಾಗೆಯೇ.

ಮೂರನೆಯದನ್ನು ದಯವಿಟ್ಟು ಎರಡು ಸಲ ಓದಿಕೊಳ್ಳಿ. ಅವೋಮಿನ್‌ನಲ್ಲಿರುವ ಪ್ರೊಮೆಥಜೀನ್ ಎಂಬ ಔಷಧವನ್ನು ಎರಡು ವರ್ಷದೊಳಗಿನ ಮಗುವಿಗೆ ಕೊಡಲೇಬಾರದು, ಉಸಿರಾಟವೇ ಕುಗ್ಗಬಹುದು. ಅಷ್ಟು ಎಳೆಯ ಕೂಸುಗಳಿಗೆ ಈ ತೊಂದರೆ ಬರುವುದೂ ಅಪರೂಪವೇ. ಎರಡರಿಂದ ಹನ್ನೆರಡರವರೆಗಿನ ಮಕ್ಕಳಿಗೇ ಹೆಚ್ಚು. ಅವರಿಗೂ ದೊಡ್ಡವರ ಗುಳಿಗೆಯನ್ನು ಅಂದಾಜಿನಲ್ಲಿ ಮುರಿದು ಕೊಡುವ ಪದ್ಧತಿ ಬೇಡ, ತೂಕ ವಯಸ್ಸು ಹೇಳಿ ಡಾಕ್ಟರರಿಂದ ಬರೆಸಿಕೊಳ್ಳಿ. ಬಸುರಿಯರು, ಕಣ್ಣಿನ ಒತ್ತಡ (ಗ್ಲಾಕೋಮಾ) ಇರುವವರು, ಮೂತ್ರ ಕಟ್ಟುವ ತೊಂದರೆಯಿರುವ ಮಾವಂದಿರು ಕೂಡ ಕೇಳಿಯೇ ತೆಗೆದುಕೊಳ್ಳಬೇಕು. ಕಾರು ನಡೆಸುವವರಂತೂ ಮುಟ್ಟಲೇ ಕೂಡದು.

ಶುಂಠಿಯ ವಿಷಯ ಕೇಳಿದರಲ್ಲವೇ? ಅದನ್ನು ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ. ಕೆಲವರಿಗೆ ಗುಣ ಕಂಡಿದೆ, ಕೆಲವರಿಗಿಲ್ಲ. ಹಾನಿಯಂತೂ ಇಲ್ಲ. ಹಸಿಶುಂಠಿಯನ್ನು ಬೆಲ್ಲದ ಪಾಕದಲ್ಲಿ ಕುದಿಸಿ ಒಣಗಿಸಿದ ಚೂರುಗಳನ್ನು ನಾನು ಡಬ್ಬಿಯಲ್ಲಿಟ್ಟುಕೊಳ್ಳುತ್ತೇನೆ. ತೊಳಸುವುದು ಅಲ್ಪಸ್ವಲ್ಪವಿದ್ದವರಿಗೆ ಅದೇ ಸಾಕಾದೀತು. ನಿಂಬೆಹಣ್ಣು ಮೂಸುವುದು ಡೀಸೆಲ್ಲಿನ ವಾಸನೆಯನ್ನು ಮರೆಸುತ್ತದೆ, ಅಷ್ಟು ಮಟ್ಟಿಗೆ ಒಳ್ಳೆಯದೇ. ಮಣಿಕಟ್ಟಿಗೆ ಕಟ್ಟುವ ಪಟ್ಟಿಯೂ ಬಂದಿದೆ. ಅದನ್ನು ನಂಬಿ ಹದಿನಾಲ್ಕು ತಿರುವು ಹತ್ತುವ ಧೈರ್ಯ ನನಗಿಲ್ಲ. ಸೀಟಿನ ಮೇಲೆ ಹಾಸುವ ಪೇಪರಿನಿಂದ ಸೀಟು ಉಳಿದೀತು, ಮಗು ಉಳಿಯದು. ಅತ್ತೆಯವರ ಮನಸ್ಸಿಗಾಗಿ ಹಾಸಿರಿ, ಆದರೆ ಗುಳಿಗೆಯನ್ನೂ ಕೊಡಿರಿ.

2005ರಲ್ಲಿ ಮಗಳನ್ನು ಹೇಗೋ ಒಪ್ಪಿಸಿದೆ. ಉಡುಪಿಯಲ್ಲಿ ಎರಡೇ ಇಡ್ಲಿ, ಚಟ್ನಿಯಿಲ್ಲ. ಡಾಕ್ಟರರು ಬರೆದ ಅಳತೆಯ ಔಷಧ, ಗಡಿಯಾರ ನೋಡಿ. ಒಂದು ಬಸ್ಸು ಬಿಟ್ಟು ಮುಂದಿನದಕ್ಕೆ ಕಾದು, ಮುಂದುಗಡೆಯ ಕಿಟಕಿಯ ಸೀಟು ಹಿಡಿದೆವು. ಪುಸ್ತಕ ಚೀಲದಲ್ಲಿ (ಈಗಿನ ತಾಯಂದಿರು ಮೊಬೈಲನ್ನು ಚೀಲದಲ್ಲಿಡಬೇಕು). ನಮ್ಮವರು ಅವಳ ಪಕ್ಕದಲ್ಲಿ ಕುಳಿತು, ದೂರದ ಗುಡ್ಡ ತೋರಿಸುತ್ತ, ತಿರುವುಗಳನ್ನು ಗಟ್ಟಿಯಾಗಿ ಎಣಿಸಿದರು. ಒಂಬತ್ತನೆಯ ತಿರುವಿನಲ್ಲಿ ಅವಳು ಆಕಳಿಸಿದಳು. ನನ್ನ ಜೀವ ಬಾಯಿಗೆ ಬಂತು. ಅದು ಔಷಧದ ನಿದ್ದೆಯ ಆಕಳಿಕೆ. ಹದಿನಾಲ್ಕನೆಯದು ದಾಟುವಾಗ ಅಪ್ಪನ ಭುಜದ ಮೇಲೆ ನಿದ್ದೆ ಹೋಗಿದ್ದಳು. ನನ್ನ ತಾಯಿ ದಣಪೆಯಿಂದ ಅವಳನ್ನು ಎತ್ತಿಕೊಂಡೇ ಒಳಗೆ ಹೋದರು, ಹತ್ತು ವರ್ಷದ ಹುಡುಗಿಯನ್ನು.

ಒಂದು ಮಾತು ಬಿಟ್ಟೆ. ಘಟ್ಟ ಇಳಿಯುವಾಗಲೂ ತಿರುವು ಅಷ್ಟೇ. ಹೋಗುವಾಗಿನ ಗುಳಿಗೆ ಎಲ್ಲರಿಗೂ ನೆನಪಿರುತ್ತದೆ, ಬರುವಾಗಿನದು ಊರಿನ ಗೂಡಿನಲ್ಲೇ ಉಳಿದುಹೋಗುತ್ತದೆ. ಅದನ್ನೂ, ಎರಡು ಪ್ಲಾಸ್ಟಿಕ್ ಚೀಲಗಳನ್ನೂ, ಒಂದು ಒದ್ದೆ ಟವೆಲನ್ನೂ, ಮಗುವಿನ ಒಂದು ಜೊತೆ ಬಟ್ಟೆಯನ್ನೂ ಕೈಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಳ್ಳಿ.