ಹಿತ್ತಿಲ ಹಸಿರುಮನೆ: ನೆಲ ಮೊದಲು, ಚಾವಣಿ ಆಮೇಲೆ

ಕೃಷಿ ಮೇಳಕ್ಕೆ ಬರುವ ರೈತ ಬಾಂಧವರಲ್ಲಿ ಅನೇಕರು ಹಸಿರುಮನೆಯ ಮಾದರಿಯ ಮುಂದೆ ನಿಂತು ಮೊದಲು ಕೇಳುವ ಪ್ರಶ್ನೆ ಒಂದೇ: “ಇದಕ್ಕೆ ಎಷ್ಟು ಖರ್ಚು ಬರುತ್ತದೆ ಸ್ವಾಮಿ?” ಕಂಬದ ಬೆಲೆ, ಪರದೆಯ ಬೆಲೆ, ಪಾಲಿಥೀನ್ ಹಾಳೆಯ ಬೆಲೆಗಳನ್ನು ಬರೆದುಕೊಂಡು ಹೋಗುತ್ತಾರೆ. ಅದನ್ನು ನಿಲ್ಲಿಸುವ ನೆಲ ಹೇಗಿರಬೇಕು ಎಂದು ಕೇಳುವವರು ಕಡಿಮೆ; ನಮ್ಮಲ್ಲಿ ಹೇಳುವವರೂ ಕಡಿಮೆ. ಮನೆಯ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಪುಟ್ಟ ಹಸಿರುಮನೆ ಕಟ್ಟಿ, ತರಕಾರಿ ಸಸಿಗಳನ್ನೂ ಮನೆಬಳಕೆಗೆ ಟೊಮೆಟೊ, ದೊಣ್ಣೆಮೆಣಸಿನಕಾಯಿಗಳನ್ನೂ ಬೆಳೆಯುವ ಆಸೆ ಒಳ್ಳೆಯದೇ. ಆದರೆ ಮೊದಲ ರೂಪಾಯಿ ಖರ್ಚಾಗಬೇಕಾದುದು ನೆಲಕ್ಕೆ, ಚಾವಣಿಗಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಮಾತನ್ನು ನಾನು ನಷ್ಟಪಟ್ಟು ಕಲಿತವನು. ಕೆಲವು ವರ್ಷಗಳ ಹಿಂದೆ, ಜಾಗ ಖಾಲಿ ಇದೆ ಎಂಬ ಒಂದೇ ಕಾರಣಕ್ಕೆ ನಮ್ಮ ಹಿತ್ತಿಲ ತಗ್ಗಿನ ಮೂಲೆಯಲ್ಲಿ ನೆರಳು ಪರದೆಯ ಚಪ್ಪರ ಹಾಕಿಸಿದೆ. ಬಚ್ಚಲ ನೀರು ಅತ್ತಲೇ ಬಸಿಯುತ್ತಿದ್ದುದನ್ನು ಗಮನಿಸಲಿಲ್ಲ. ಮೊದಲ ಮಳೆಗೇ ಮಡಿಗಳಲ್ಲಿ ನೀರು ನಿಂತು ಟೊಮೆಟೊ ಸಸಿಗಳು ಬುಡ ಕೊಳೆತು ಬಿದ್ದವು. ಊರಿಗೆಲ್ಲ ಬಸಿಗಾಲುವೆಯ ಪಾಠ ಹೇಳುವವನ ಹಿತ್ತಿಲಿನಲ್ಲೇ ಬಸಿಗಾಲುವೆ ಇರಲಿಲ್ಲ!

ಆದ್ದರಿಂದ ಮೊದಲು ಮಾಡಬೇಕಾದುದು ಜಾಗದ ಪರೀಕ್ಷೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಹಿತ್ತಿಲಿನಲ್ಲಿ ನೆರಳು ಹೇಗೆ ಸರಿಯುತ್ತದೆ ಎಂದು ನೋಡಿರಿ. ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೀಳದ ಜಾಗದಲ್ಲಿ ಹಸಿರುಮನೆ ಕಟ್ಟದಿರುವುದೇ ಲೇಸು. ಹುಣಸೆ, ತೆಂಗುಗಳ ಬುಡ ಹತ್ತಿರವಿದ್ದರೆ ಅವುಗಳ ಬೇರು ಮಡಿಯ ಗೊಬ್ಬರಕ್ಕೆ ಬರುತ್ತದೆ. ಮುಂದೆ ಒಂದೂವರೆ ಅಡಿ ಆಳದ ಗುಂಡಿ ತೋಡಿ ಸಂಜೆ ನೀರು ತುಂಬಿರಿ. ಬೆಳಿಗ್ಗೆಯೂ ನೀರು ನಿಂತಿದ್ದರೆ ಆ ನೆಲಕ್ಕೆ ಬಸಿಗಾಲುವೆ ಹಾಗೂ ಏರುಮಡಿ ಇಲ್ಲದೆ ಗತಿಯಿಲ್ಲ. ಎರೆ ಭೂಮಿಯವರು ಇದನ್ನು ಇನ್ನೂ ಗಮನಿಸಬೇಕು; ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಮಣ್ಣಿನಲ್ಲಿ ಆಳವಿಲ್ಲದೆ ನೆಟ್ಟ ಕಂಬಗಳು ವಾಲುತ್ತವೆ.

ಚಾವಣಿಯ ನೀರಿನ ಲೆಕ್ಕವನ್ನೂ ಮೊದಲೇ ಹಾಕಿರಿ. 200 ಚದರ ಅಡಿಯ ಪಾಲಿಥೀನ್ ಚಾವಣಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 470 ಲೀಟರ್ ನೀರು ಕೆಳಗಿಳಿಯುತ್ತದೆ. ಅದು ಮನೆಯ ಗೋಡೆಯ ಬುಡಕ್ಕೆ ಹೋಗುವುದೋ, ತೊಟ್ಟಿಗೆ ಹೋಗುವುದೋ ಎಂಬುದನ್ನು ನೀವು ನಿರ್ಧರಿಸಬೇಕು. ಅದೇ ಚಾವಣಿಯ ಕೆಳಗೆ ಮಳೆ ಬೀಳುವುದಿಲ್ಲವಾದ್ದರಿಂದ ಕೊಳವೆ ಬಾವಿ ನೀರಿನ ಲವಣಗಳು ತೊಳೆದುಹೋಗದೆ ಮಣ್ಣಿನಲ್ಲೇ ಸೇರುತ್ತಾ ಬರುತ್ತವೆ. ಆದಕಾರಣ ಮಣ್ಣಿನೊಡನೆ ನೀರನ್ನೂ ಪರೀಕ್ಷೆ ಮಾಡಿಸುವುದು ಅವಶ್ಯ.

ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆಯಿದೆ. ಹಾಗೆಯೇ ಹೊಲದ ಮಣ್ಣನ್ನು ಪರೀಕ್ಷೆಗೆ ಕಳುಹಿಸುವ ನಾವು ಹಿತ್ತಿಲ ಮಣ್ಣನ್ನು ಅಲಕ್ಷಿಸುತ್ತೇವೆ. ಅಲ್ಲಿರುವ ಹಳೆಯ ಬದನೆ ಗಿಡವೊಂದನ್ನು ಮೆಲ್ಲಗೆ ಕಿತ್ತು ಬೇರು ನೋಡಿರಿ. ಬೇರಿನ ತುಂಬ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳುವಿನ ಕಾಟ. ಬೆಚ್ಚಗೆ, ತೇವವಾಗಿ, ವರ್ಷವಿಡೀ ಟೊಮೆಟೊ, ಸೌತೆ, ದೊಣ್ಣೆಮೆಣಸು ಬೆಳೆಯುವ ಹಸಿರುಮನೆ ಈ ಹುಳುವಿಗೆ ಮಾವನ ಮನೆಯಿದ್ದಂತೆ. ಚಾವಣಿ ಬಿದ್ದ ಮೇಲೆ ಇದನ್ನು ಹೊರಹಾಕುವುದು ಬಹು ಕಷ್ಟ. ಅದಕ್ಕೆ ಮೊದಲೇ, ಏಪ್ರಿಲ್–ಮೇ ತಿಂಗಳಿನಲ್ಲಿ ಮಣ್ಣನ್ನು ಅಗೆದು ಹದಮಾಡಿ, ಚೆನ್ನಾಗಿ ನೀರುಣಿಸಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ 4ರಿಂದ 6 ವಾರ ಬಿಡಿರಿ. ನಮ್ಮ ಬಯಲುಸೀಮೆಯ ಬಿಸಿಲು ಪುಕ್ಕಟೆಯಾಗಿ ಮಾಡಿಕೊಡುವ ಈ ಕೆಲಸದಿಂದ ಹುಳು, ರೋಗಾಣು, ಕಳೆ ಬೀಜಗಳು ಬಹುಮಟ್ಟಿಗೆ ಕಡಿಮೆಯಾಗುತ್ತವೆ. ನಂತರ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿ ಬೆರೆಸಿದರೆ ಮಡಿ ಸಿದ್ಧ.

ಇಷ್ಟಾದ ಮೇಲೆ ಚಾವಣಿಯ ಮಾತು. ಧಾರಾಕಾರ ಮಳೆಯ ಮಲೆನಾಡಿನಲ್ಲಿ ಪಾಲಿಥೀನ್ ಹೊದಿಕೆ ಬೇಕಾದೀತು. ಕೋಲಾರ, ತುಮಕೂರಿನಂತಹ ಬಯಲುಸೀಮೆಯ ಹಿತ್ತಿಲುಗಳಿಗೆ ನೆರಳು ಪರದೆಯೇ ಸಾಕೆಂಬುದು ನನ್ನ ಎಣಿಕೆ. ಗಾಳಿಯಾಡದ ಪಾಲಿಥೀನ್ ಮನೆ ಬೇಸಿಗೆಯಲ್ಲಿ ಒಲೆಯಾಗುತ್ತದೆ. ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟೊಮೆಟೊ ಹೂ ಕಾಯಿ ಕಚ್ಚದೆ ಉದುರುತ್ತದೆ.

ಕೊನೆಯದಾಗಿ, ಹಿತ್ತಿಲು ಖಾಲಿ ಜಾಗವಲ್ಲ. ಬಚ್ಚಲ ನೀರಿನ ಬಾಳೆ, ಕರಿಬೇವು, ಬಸಳೆ, ನುಗ್ಗೆಗಳೊಡನೆ ಅದು ಮನೆಯ ಹೆಣ್ಣುಮಕ್ಕಳು ನಡೆಸಿಕೊಂಡು ಬಂದ ತೋಟ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯಲ್ಲಿ ಯಾವ ಗಿಡ ಏಳುವುದಿಲ್ಲ ಎಂಬುದು ಅವರಿಗೆ ಗೊತ್ತು. ನಾನು ಅಂದು ನಮ್ಮ ಮನೆಯವರನ್ನು ಒಂದು ಮಾತು ಕೇಳಿದ್ದರೆ ಆ ತಗ್ಗಿನ ಮೂಲೆಗೆ ಹಣ ಸುರಿಯುತ್ತಿರಲಿಲ್ಲ. ರೈತ ಬಾಂಧವರು ಗೂಟ ಹೊಡೆಯುವ ಮುನ್ನ ಒಂದು ಬೇಸಿಗೆಯನ್ನು ನೆಲಕ್ಕೆ ಕೊಡಲಿ. ಕಂಬ, ಪರದೆಗಳು ಮುಂದಿನ ತಿಂಗಳೂ ಅಂಗಡಿಯಲ್ಲಿ ಸಿಗುತ್ತವೆ.