ನೊಗ ಇಳಿಸಿ

ರಾತ್ರಿ ಒಂದೂವರೆ ದಾಟಿತ್ತು. ಊರಿಂದ ಬಂದಿಳಿದ ನನಗೆ ಗೇಟು ತೆಗೆದ ಕಾವಲಿನ ಅಣ್ಣ ಗೋಡೆ ಹಿಡಿದು ನಿಂತುಬಿಟ್ಟರು. "ತಲೆ ದಿಮ್ಮಂತೈತೆ ಸಾರ್." ಮನೆಗೆ ಓಡಿ ಬಿಪಿ ಮಿಷನ್ ತಂದೆ. ಅವರ ಕುರ್ಚಿಯಲ್ಲೇ ಕೂರಿಸಿ, ಐದು ನಿಮಿಷ ಸುಮ್ಮನಿರಿಸಿ, ತೋಳಿಗೆ ಪಟ್ಟಿ ಸುತ್ತಿದೆ. ಪಟ್ಟಿ ಬಿಗಿಯುತ್ತಿರುವಾಗಲೇ ಹೊರಗೆ ಕ್ಯಾಬ್ ಹಾರ್ನ್ ಹೊಡೆಯಿತು. ಆ ಮನುಷ್ಯ ಪಟ್ಟಿ, ಕೊಳವೆ ಎಲ್ಲ ತೋಳಿಗೆ ಜೋತಿರುವಂತೆಯೇ, ಮಿಷನ್ನನ್ನು ಕಂಕುಳಲ್ಲಿಟ್ಟುಕೊಂಡು ಎದ್ದು ಹೊರಟರು. "ಕೂತ್ಕೊಳಿ ಅಣ್ಣಾ" ಅಂದೆ. "ತಡ ಆದ್ರೆ ಕಂಪ್ಲೇಂಟ್ ಮಾಡ್ತಾರೆ ಸಾರ್" ಅಂದರು. ಗೇಟು ಹಾಕಿ ಬಂದ ಮೇಲೆ ಮತ್ತೆ ಕೂರಿಸಿ ನೋಡಿದೆ. 168, ಕೆಳಗಿನದು 102.

ಕಂಪ್ಲೇಂಟ್ ಮಾಡುವವರು ಯಾರು? ಈ ಗೇಟಿನೊಳಗೆ ಮನೆಯಿರುವ, ಬೆಂಗಳೂರಿನ ಅಟ್ಟೂರಿನ ನಾವು. ಅವರು ಹೆದರಿದ್ದು ನಮಗೆ. ಆ ರಾತ್ರಿ ಮಲಗಿದರೂ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ವೈದ್ಯರ ಬಳಿ ಕರೆದುಕೊಂಡು ಹೋದೆ. ಒಂದು ಸಲ ನೋಡಿದ ಅಂಕಿಯಿಂದ ತೀರ್ಮಾನ ಬೇಡ ಎಂದು ಅವರು ಇಪ್ಪತ್ನಾಲ್ಕು ಗಂಟೆಯೂ ಅಳೆಯುವ ಮಿಷನ್ನನ್ನು ಸೊಂಟಕ್ಕೆ ಕಟ್ಟಿ ಕಳಿಸಿದರು. ಅದು ಹಗಲಿರುಳೂ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ತಾನೇ ಉಬ್ಬಿ ಬಿಪಿ ಬರೆದಿಟ್ಟುಕೊಳ್ಳುತ್ತದೆ. ಬಂದ ಕಾಗದದಲ್ಲಿ ಗೆರೆ ಎಲ್ಲಿಯೂ ತಗ್ಗಿರಲಿಲ್ಲ. ದುಡಿಯುವಾಗಲೂ ಅಷ್ಟೇ, ಮಲಗಿದಾಗಲೂ ಹೆಚ್ಚುಕಡಿಮೆ ಅಷ್ಟೇ.

ಆರೋಗ್ಯವಂತ ಮನುಷ್ಯನಲ್ಲಿ ಹೀಗಿರುವುದಿಲ್ಲ. ನಿದ್ದೆಗೆ ಜಾರಿದಾಗ ರಕ್ತದೊತ್ತಡ ಹಗಲಿಗಿಂತ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿಯುತ್ತದೆ. ಹಗಲು ಮೇಲಿನ ಅಂಕಿ 130 ಇದ್ದವರಿಗೆ ರಾತ್ರಿ 104ರಿಂದ 117ರ ನಡುವೆ ಬರಬೇಕು. ಬೆಳಗಿನ ಜಾವ ಕಾರ್ಟಿಸಾಲ್ ಏರಿ, ದೇಹ ಏಳಲು ಅಣಿಯಾದಂತೆ ಒತ್ತಡವೂ ಮೇಲೇರುತ್ತದೆ. ಹೃದಯಾಘಾತಗಳು ಬೆಳಗಿನ ಹೊತ್ತಿನಲ್ಲೇ ಹೆಚ್ಚಾಗುವುದಕ್ಕೆ ಈ ಏರಿಕೆಯೂ ಒಂದು ಕಾರಣ. ಡಬ್ಲಿನ್‌ನ ವೈದ್ಯ ಓಯಿನ್ ಒಬ್ರಿಯನ್ ಮತ್ತು ಜೊತೆಗಾರರು 1988ರಲ್ಲೇ ಒಂದು ಸಂಗತಿ ಬರೆದರು. ರಾತ್ರಿ ಒತ್ತಡ ಇಳಿಯದವರಲ್ಲಿ, ಇಳಿಯುವವರಿಗಿಂತ, ಪಾರ್ಶ್ವವಾಯು ಹೊಡೆದಿದ್ದವರು ಹೆಚ್ಚು ಸಿಕ್ಕಿದ್ದರು. ಆಮೇಲಿನ ಅಧ್ಯಯನಗಳೂ ಅದೇ ದಾರಿಯಲ್ಲಿ ಬಂದವು. ನಾಳೆ ಹೃದಯಕ್ಕೆ, ಮಿದುಳಿಗೆ ಏನಾದೀತು ಎಂಬುದನ್ನು ಕ್ಲಿನಿಕ್ಕಿನಲ್ಲಿ ಹಗಲು ಬಂದ ಅಂಕಿಗಿಂತ ರಾತ್ರಿಯ ಅಂಕಿ ಚೆನ್ನಾಗಿ ಹೇಳುತ್ತದೆ. ಆದರೆ ನಾವು ಬಿಪಿ ತೋರಿಸಲು ಹೋಗುವುದು ಬೆಳಿಗ್ಗೆ ಹತ್ತು ಗಂಟೆಗೆ. ಇಡೀ ರಾತ್ರಿ ಲೆಕ್ಕದಿಂದಾಚೆ ಉಳಿಯುತ್ತದೆ.

ಈ ಇಳಿತವನ್ನು ತಡೆಯುವವು ಹಲವು. ಉಪ್ಪು, ಕಿಡ್ನಿ ಕಾಯಿಲೆ, ಉಸಿರುಕಟ್ಟುವ ಗೊರಕೆ ಇವೆಲ್ಲ ಇವೆ, ವೈದ್ಯರು ನೋಡಿಕೊಳ್ಳಲಿ. ನಾನು ಹೇಳಬೇಕಾದದ್ದು ಮನಸ್ಸಿನ ಬಗ್ಗೆ. ಹೆದರಿಕೆ, ಅವಮಾನ, ಧಾವಂತ ಬಂದಾಗ ಅಡ್ರಿನಲಿನ್ ಹರಿದು ರಕ್ತನಾಳ ಬಿಗಿಯುತ್ತದೆ, ಎದೆ ಬಡಿತ ಜೋರಾಗುತ್ತದೆ. ಸಂಗತಿ ಮುಗಿದ ಮೇಲೆ ಎಲ್ಲ ತಣ್ಣಗಾಗಬೇಕು. ಬೈಗುಳ ಮಧ್ಯಾಹ್ನದ್ದಾದರೂ ಅದನ್ನು ದಿಂಬಿನ ಮೇಲೆ ಮೆಲುಕು ಹಾಕುತ್ತಾ ಹೋದರೆ ದೇಹಕ್ಕೆ ಅದು ಮುಗಿದೇ ಇಲ್ಲ. ಕಣ್ಣು ಮುಚ್ಚಿದ್ದರೂ ನಾಳ ಬಿಗಿದೇ ಇರುತ್ತದೆ.

ಯಲಹಂಕ ಉಪನಗರದಿಂದ ಅಟ್ಟೂರಿನವರೆಗೆ ಯಾವ ಬೀದಿಯಲ್ಲಾದರೂ ರಾತ್ರಿ ಹನ್ನೊಂದಕ್ಕೆ ನಿಂತು ಮೇಲೆ ನೋಡಿ, ಕಿಟಕಿಗಳಲ್ಲಿ ಲ್ಯಾಪ್‌ಟಾಪಿನ ನೀಲಿ ಬೆಳಕು. ಹೆಬ್ಬಾಳದ ಟ್ರಾಫಿಕ್ ದಾಟಿ ಎಂಟಕ್ಕೆ ಮನೆ ಸೇರಿದ ಮಗಳಿಗೆ ಊಟದ ತಟ್ಟೆಯ ಪಕ್ಕ ಫೋನು ಮಿಣುಗುತ್ತದೆ, "ಒಂದೈದು ನಿಮಿಷ ಕಾಲ್‌ಗೆ ಬಾ." 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಗೆರೆ ಎಳೆದಿದೆ. 2025ರಲ್ಲಿ ಅದನ್ನು ದಿನಕ್ಕೆ ಹತ್ತು, ಓಟಿ ಸೇರಿ ಹನ್ನೆರಡು ಗಂಟೆಗೆ ಹಿಗ್ಗಿಸುವ ಪ್ರಸ್ತಾಪ ಬಂತು. ಐಟಿ ನೌಕರರ ಸಂಘವಾದ ಕಿಟು ವಿರೋಧಿಸಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಕೊಟ್ಟ ಲೆಕ್ಕದಲ್ಲಿ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ನೂರಕ್ಕೆ 35ರಷ್ಟು ಹೆಚ್ಚು. ಇದು ಗೊತ್ತಿದ್ದೂ ಗಂಟೆ ಹೆಚ್ಚಿಸಲು ಹೊರಡುವುದನ್ನು ನಾನು ಅಭಿವೃದ್ಧಿ ಎಂದು ಕರೆಯಲಾರೆ.

ಬಿಪಿ ಮಾತ್ರೆಯನ್ನೇ ರಾತ್ರಿ ನುಂಗಿದರಾಯಿತಲ್ಲ ಎನ್ನುವವರಿದ್ದಾರೆ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಟೈಮ್ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಬೆಳಿಗ್ಗೆ ನುಂಗಿದರೂ ಸಂಜೆ ನುಂಗಿದರೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಾತ್ರೆ ಬೇಕೇ ಬೇಕು, ದಯವಿಟ್ಟು ಯಾರೂ ಬಿಡಬೇಡಿ. ಆದರೆ ನಾವು ಕಸಿದುಕೊಂಡ ರಾತ್ರಿಯನ್ನು ಮಾತ್ರೆ ವಾಪಸು ಕೊಡುವುದಿಲ್ಲ.

ಅಟ್ಟೂರು ಲೇಔಟ್ ಆಗುವ ಮುಂಚೆ ಹಳ್ಳಿ. ಈ ಸೀಮೆಯಲ್ಲಿ ರಾಗಿ ಹೊಲ ಉಳುತ್ತಿದ್ದವರು ಹೊತ್ತು ನೆತ್ತಿಗೇರುವ ಮುಂಚೆ ಆರು ಬಿಡುತ್ತಿದ್ದರು. ನೊಗ ಇಳಿಸಿ, ಹೆಗಲು ಸವರಿ, ಎತ್ತಿಗೆ ನೀರು ತೋರಿಸಿದ ಮೇಲೇ ತಮ್ಮ ಮುದ್ದೆ. ಹೆಗಲು ಬಾತ ಎತ್ತನ್ನು ಮತ್ತೆ ಹೂಡಿದವನಿಗೆ ಊರವರೇ ಛೀಮಾರಿ ಹಾಕುತ್ತಿದ್ದರು. ಅದೇ ಹೊಲಗಳ ಮೇಲೆ ಎದ್ದ ಮನೆಗಳಲ್ಲಿ ನಾವಿದ್ದೇವೆ. ಅಂದು ಎತ್ತಿಗೆ ಸಿಕ್ಕ ಮರ್ಯಾದೆ ಇಂದು ನಮ್ಮ ಮಗನಿಗಿಲ್ಲ, ಗೇಟು ಕಾಯುವ ಅಣ್ಣನಿಗಂತೂ ಇಲ್ಲವೇ ಇಲ್ಲ.

ನಮ್ಮಲ್ಲಿ ಮ್ಯಾನೇಜರುಗಳಿದ್ದೀರಿ, ಟೀಮ್ ಲೀಡರುಗಳಿದ್ದೀರಿ. ಕೈಮುಗಿದು ಕೇಳುತ್ತೇನೆ, ರಾತ್ರಿ ಒಂಬತ್ತಾದ ಮೇಲೆ ಕೈಕೆಳಗಿನವರಿಗೆ ಒಂದಕ್ಷರ ಕಳಿಸಬೇಡಿ. ನೀವು "ನಾಳೆ ನೋಡು" ಎಂದು ಬರೆದರೂ ಅವರು ಅದನ್ನು ಈಗಲೇ ನೋಡುತ್ತಾರೆ, ಬೆಳಗಿನವರೆಗೂ ಯೋಚಿಸುತ್ತಾರೆ. ಅಪ್ಪ ಅಮ್ಮಂದಿರೇ, ಮಕ್ಕಳ ಮಾರ್ಕ್ಸು, ಮದುವೆ, ಲೋನಿನ ಕಂತು ಎಲ್ಲವನ್ನೂ ಮಾತಾಡಿ, ದೀಪ ಆರಿಸುವ ಹೊತ್ತಿಗೆ ಮಾತ್ರ ತೆಗೆಯಬೇಡಿ. ವೈದ್ಯರೇ, ಹಗಲು ಅಂಕಿ ಸರಿ ಬಂದ ರಾತ್ರಿಪಾಳಿಯವರನ್ನು "ಏನಿಲ್ಲ, ಹೋಗಿ" ಎಂದು ಕಳಿಸಬೇಡಿ. ನಿದ್ದೆ ಹೇಗಿದೆ, ಮನೆಯಲ್ಲಿ ಏನು ಚಿಂತೆ ಎಂದು ಒಂದು ಮಾತು ಕೇಳಿ.

ಇನ್ನು ನಮ್ಮ ಗೇಟಿನ ಮಾತು. ಕಾವಲಿನ ಅಣ್ಣ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು, ವಾರದ ರಜೆಯಿಲ್ಲ. ಆಮೇಲೆ ನಮ್ಮದೇ ಕಾರುಗಳನ್ನು ತೊಳೆಯುತ್ತಾರೆ. ಹಗಲು ಮಲಗಿದರೂ ರಾತ್ರಿಯ ಇಳಿತ ಪೂರ್ತಿ ಸಿಗದೆ ಹೋಗಬಹುದು, ಅವರಿಗೆ ಆ ಹಗಲೂ ಇಲ್ಲ. ನಾನು ಕೇಳುವುದು ಇಷ್ಟೇ: ಎಂಟೆಂಟು ಗಂಟೆಯ ಮೂರು ಪಾಳಿ, ಅದಕ್ಕೆ ಇನ್ನೊಬ್ಬರು, ಇರುವವರ ಸಂಬಳದಲ್ಲಿ ಒಂದು ರೂಪಾಯಿಯೂ ಕಡಿತವಿಲ್ಲದೆ. ನಮ್ಮಲ್ಲಿರುವುದು ಮೂವತ್ತಾರು ಮನೆ. ಮನೆಗೆ ತಿಂಗಳಿಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಬರೆದಿಟ್ಟಿದ್ದೇನೆ. ನಮ್ಮ ಮನೆಗಳವರ ಭಾನುವಾರದ ಸಭೆಗೆ ಆ ಹಾಳೆ ತರುತ್ತೇನೆ, ಮೊದಲ ಸಹಿ ಹಾಕಿಕೊಂಡೇ ಬರುತ್ತೇನೆ. ನೀವೂ ಬನ್ನಿ.